ಅಂಚಿನಲ್ಲಿ ಉಳಿದ ಬಿಳಿ

ಮಂಗಳೂರಿನ ಫ್ಲೆಕ್ಸ್‌ಗಳ ಬಗ್ಗೆ ನಾನು ಓದಿದ ಬರಹಗಳೆಲ್ಲ ಅವನ್ನು ತೆಗೆಸಬೇಕು ಎಂದೇ ಹೇಳುತ್ತವೆ. ನ್ಯಾಯವೇ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಫ್ಲೆಕ್ಸ್ ಕೂಡ ಇತ್ತು. ಆಮೇಲೂ ನವರಾತ್ರಿ ಬಂತೆಂದರೆ ಲಾಲ್‌ಬಾಗ್‌ನಿಂದ ಹಂಪನಕಟ್ಟೆಯವರೆಗೆ, ಕುದ್ರೋಳಿಗೆ ಹೋಗುವ ದಾರಿಯಲ್ಲಿ, ಕಂಕನಾಡಿಯ ತಿರುವಿನಲ್ಲಿ ಅವು ಎದ್ದು ನಿಲ್ಲುತ್ತಲೇ ಬಂದಿವೆ. ಕಸ ಎಂದು ಕರೆದು ಮುಖ ತಿರುಗಿಸುವುದು ಸುಲಭ. ಆದರೆ ಈ ಊರಿನಲ್ಲಿ ಅತಿ ಹೆಚ್ಚು ಜನ ನೋಡುವ ಚಿತ್ರಗಳು ಅವೇ. ಕಲಾಪ್ರದರ್ಶನಕ್ಕೆ ಹೋಗದವರೂ ಬಸ್ಸಿನ ಕಿಟಕಿಯಿಂದ ಅವನ್ನು ನೋಡುತ್ತಾರೆ. ಹಾಗಿದ್ದ ಮೇಲೆ ಅವನ್ನು ಚಿತ್ರಗಳೆಂದೇ ತಿಳಿದು ಒಮ್ಮೆಯಾದರೂ ಓದಬೇಡವೇ?

ನಾನು ಓದಲು ಹೊರಟಿರುವುದು ಅವುಗಳ ಒಂದೇ ಒಂದು ವಿವರವನ್ನು. ಶುಭ ಕೋರುವವರ ತಲೆಯ ಸುತ್ತ, ಕಿವಿಯ ಹಿಂದೆ, ಭುಜದ ಮೇಲೆ ಹಾದುಹೋಗುವ ಬೆರಳು ದಪ್ಪದ ಮಾಸಲು ಬಿಳಿ ಗೆರೆ. ದೂರದಿಂದ ನೋಡಿದರೆ ಪ್ರಭಾವಳಿ ಎನ್ನಬೇಕು. ಹತ್ತಿರ ಹೋದರೆ ಅದು ಕತ್ತರಿಸಿದ ಗುರುತು ಎಂದು ತಿಳಿಯುತ್ತದೆ. ಡಿಸೈನ್ ಬಲ್ಲವರು ಇದನ್ನು ಕಂಡು ನಗುತ್ತಾರೆ. ನನಗಂತೂ ಇಡೀ ಫ್ಲೆಕ್ಸಿನಲ್ಲಿ ಸುಳ್ಳು ಹೇಳದ ಜಾಗ ಅದೊಂದೇ ಎಂದು ಅನ್ನಿಸುತ್ತದೆ. ಯಾಕೆಂದು ಹೇಳಬೇಕಾದರೆ ಚಿತ್ರ ತಿದ್ದುವ ತಂತ್ರಾಂಶದ ಒಳಗೆ ಸ್ವಲ್ಪ ಹೊತ್ತು ಹೋಗಿಬರಬೇಕು.

ಪರದೆಯ ಮೇಲಿನ ಚಿತ್ರ ಪಿಕ್ಸೆಲ್ ಎಂಬ ಚುಕ್ಕಿಗಳಿಂದ ಆದದ್ದು ಎಂಬುದು ಎಲ್ಲರಿಗೂ ಗೊತ್ತು. ಸಾಮಾನ್ಯ ಚಿತ್ರದಲ್ಲಿ ಪ್ರತಿ ಚುಕ್ಕಿಗೂ ಮೂರು ಸಂಖ್ಯೆಗಳು: ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು, 0ಯಿಂದ 255ರವರೆಗೆ. ಪಾರದರ್ಶಕವಾಗಬಲ್ಲ ಚಿತ್ರದಲ್ಲಿ ನಾಲ್ಕನೆಯದೂ ಒಂದು ಸಂಖ್ಯೆ ಇರುತ್ತದೆ, ಹೆಸರು ಆಲ್ಫಾ. ಅದಕ್ಕೆ ತನ್ನದೇ ಬಣ್ಣವಿಲ್ಲ. ಈ ಚುಕ್ಕಿ ತನ್ನ ಕೆಳಗಿರುವುದನ್ನು ಎಷ್ಟು ಮುಚ್ಚುತ್ತದೆ ಎಂದಷ್ಟೇ ಅದು ಹೇಳುತ್ತದೆ. 255 ಆದರೆ ಪೂರ್ತಿ ಮುಚ್ಚುತ್ತದೆ, 0 ಆದರೆ ಏನನ್ನೂ ಮುಚ್ಚುವುದಿಲ್ಲ. ಮೇಲಿನ ಬಣ್ಣದಲ್ಲಿ ಆಲ್ಫಾದಷ್ಟು ಪಾಲು, ಕೆಳಗಿನ ಬಣ್ಣದಲ್ಲಿ ಉಳಿದಷ್ಟು ಪಾಲು, ಎರಡನ್ನೂ ಕೂಡಿಸಿದರೆ ನಮ್ಮ ಕಣ್ಣಿಗೆ ಬೀಳುವ ಬಣ್ಣ. ಅಷ್ಟೇ ಲೆಕ್ಕ. ಅರ್ಧ ಪಾರದರ್ಶಕವಾದ ಎರಡು ಪದರಗಳನ್ನು ಒಂದರ ಮೇಲೊಂದು ಇಟ್ಟರೆ ಕೆಳಗಿನದು ಪೂರ್ತಿ ಮುಚ್ಚಿಹೋಗುತ್ತದೆ ಎಂದು ನಾವು ಎಣಿಸುತ್ತೇವೆ, ಹಾಗಾಗುವುದಿಲ್ಲ. ಮೊದಲ ಪದರ ಅರ್ಧ ತಡೆದರೆ, ಎರಡನೆಯದು ಉಳಿದ ಅರ್ಧದಲ್ಲಿ ಅರ್ಧ ತಡೆಯುತ್ತದೆ, ಕಾಲು ಭಾಗ ಇನ್ನೂ ಕಾಣುತ್ತಿರುತ್ತದೆ. ತೆಳುವಾದ ಬೈರಾಸನ್ನು ಮಡಿಸಿ ದೀಪಕ್ಕೆ ಹಿಡಿದವರಿಗೆ ಇದು ಹೊಸ ವಿಷಯವಲ್ಲ.

ಆಲ್ಫಾ ಎಂಬ ಹೆಸರಿಗೆ ಗಹನವಾದ ಅರ್ಥವೇನೂ ಇಲ್ಲ. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಕೆಲಸ ಮಾಡುತ್ತಿದ್ದ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಈ ನಾಲ್ಕನೆಯ ಸಂಖ್ಯೆಯನ್ನು ಚಿತ್ರದ ಭಾಗವಾಗಿಯೇ ಇಟ್ಟರು. ಎರಡು ಬಣ್ಣ ಬೆರೆಸುವ ಸೂತ್ರದಲ್ಲಿ ಆ ಗ್ರೀಕ್ ಅಕ್ಷರ ಇತ್ತು, ಅದೇ ಹೆಸರಾಯಿತು. 1984ರಲ್ಲಿ ಲೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಒಂದು ಚಿತ್ರವನ್ನು ಇನ್ನೊಂದರ ಮೇಲೆ, ಒಳಗೆ, ಹೊರಗೆ ಇಡುವ ವಿಧಾನಗಳಿಗೆ ಗಣಿತದ ವ್ಯಾಕರಣ ಬರೆದರು. 1994ರ ಫೋಟೋಶಾಪ್ 3ರಲ್ಲಿ ಲೇಯರ್ ಬಂತು. 1996ರಲ್ಲಿ ಪಿಎನ್‌ಜಿ ಬಂತು. ಅದಕ್ಕೆ ಮುಂಚಿನ ಗಿಫ್‌ನಲ್ಲಿ ಚುಕ್ಕಿ ಒಂದೋ ಇತ್ತು, ಇಲ್ಲವೋ ಇರಲಿಲ್ಲ. ಅರೆಬರೆ ಇರುವುದಕ್ಕೆ ಅವಕಾಶ ಇರಲಿಲ್ಲ. ಇವತ್ತು ನಮ್ಮೂರಿನ ಫ್ಲೆಕ್ಸ್ ಅಂಗಡಿಯಲ್ಲಿ ಪಿಎನ್‌ಜಿ ಎಂದರೆ ಫೈಲಿನ ಜಾತಿ ಅಲ್ಲ, ಅದೊಂದು ವಸ್ತು. "ದೇವರದ್ದು ಪಿಎನ್‌ಜಿ ಉಂಟು, ನಿಮ್ಮ ಫೋಟೋದ್ದು ಉಂಟಾ?" ಎಂದು ಕೇಳುತ್ತಾರೆ. ಜತೆಗೆ ಇನ್ನೊಂದು ಎಚ್ಚರಿಕೆ: "ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಹಾಕ್ಬೇಡಿ, ಡಾಕ್ಯುಮೆಂಟ್ ಅಂತ ಹಾಕಿ." ಫೋಟೋ ಎಂದು ಕಳಿಸಿದರೆ ಅದು ಜೆಪೆಗ್ ಆಗುತ್ತದೆ. ಜೆಪೆಗ್‌ಗೆ ಆಲ್ಫಾ ಇಲ್ಲ. ಖಾಲಿ ಇದ್ದಲ್ಲೆಲ್ಲ ಬಿಳಿಯೋ ಕಪ್ಪೋ ಬಂದು ಕೂತುಬಿಡುತ್ತದೆ.

ಈ ಖಾಲಿ ಎಂಬ ಮಾತಿನಲ್ಲೇ ತಕರಾರು ಇರುವುದು. ಪೂರ್ತಿ ಪಾರದರ್ಶಕವಾದ ಪಿಕ್ಸೆಲ್ ಖಾಲಿಯಲ್ಲ. ಅದರ ನಾಲ್ಕನೆಯ ಸಂಖ್ಯೆ ಮಾತ್ರ ಸೊನ್ನೆ. ಮೊದಲ ಮೂರು ಸಂಖ್ಯೆಗಳು ಇದ್ದಲ್ಲೇ ಇರಬಹುದು. ಗಿಂಪ್ ತಂತ್ರಾಂಶದಲ್ಲಿ ಆಲ್ಫಾ ಇರುವ ಪದರದ ಮೇಲೆ ರಬ್ಬರ್ ಉಜ್ಜಿದರೆ ಅದು ಬಣ್ಣವನ್ನು ಅಳಿಸುವುದಿಲ್ಲ, ಕಾಣದಂತೆ ಮಾಡುತ್ತದೆ. ಆಲ್ಟ್ ಕೀ ಒತ್ತಿಕೊಂಡು ಅದೇ ರಬ್ಬರನ್ನು ಉಜ್ಜಿದರೆ ಅಳಿಸಿದ್ದು ಮರಳಿ ಬರುತ್ತದೆ. ಪಿಎನ್‌ಜಿಯಾಗಿ ಉಳಿಸುವಾಗ ಪಾರದರ್ಶಕ ಪಿಕ್ಸೆಲ್‌ಗಳ ಬಣ್ಣವನ್ನೂ ಉಳಿಸಬೇಕೇ ಎಂದು ಅದು ಕೇಳುತ್ತದೆ. ಹೌದು ಎಂದವರು ತಾವು ಕತ್ತರಿಸಿ ಎಸೆದೆವು ಎಂದುಕೊಂಡ ಗೋಡೆ, ಕುರ್ಚಿ, ಪಕ್ಕದಲ್ಲಿ ನಿಂತಿದ್ದವರ ಮುಖ ಎಲ್ಲವನ್ನೂ ಆ ಫೈಲಿನೊಳಗೆ ಕಾಣದಂತೆ ಹೊತ್ತುಕೊಂಡು ಹೋಗಬಹುದು. ಇದಕ್ಕೆ ಹತ್ತಿರದ ಇನ್ನೊಂದು ಸಂಗತಿ: 2023ರ ಮಾರ್ಚ್‌ನಲ್ಲಿ ಗೂಗಲ್ ಪಿಕ್ಸೆಲ್ ಫೋನ್‌ಗಳ ಚಿತ್ರ ತಿದ್ದುವ ಸಾಧನದಲ್ಲಿ ಒಂದು ದೋಷ ಬಯಲಾಯಿತು. ಅದರಲ್ಲಿ ಕತ್ತರಿಸಿ ಚಿಕ್ಕದು ಮಾಡಿದ ಸ್ಕ್ರೀನ್‌ಶಾಟ್‌ನ ಫೈಲಿನಲ್ಲಿ ಹಳೆಯ ಚಿತ್ರದ ಭಾಗ ಉಳಿದೇ ಇರುತ್ತಿತ್ತು, ಮರಳಿ ಪಡೆಯಲೂ ಆಗುತ್ತಿತ್ತು.

ಪಾರದರ್ಶಕ ಎಂಬ ಪದವನ್ನು ನಾವು ಆಡಳಿತಕ್ಕೆ ಅಂಟಿಸಿ ಅದರ ಅರ್ಥವನ್ನು ಸಪೂರ ಮಾಡಿದ್ದೇವೆ. ಮುಚ್ಚುಮರೆ ಇಲ್ಲದ್ದು ಎಂದಷ್ಟೇ ಉಳಿದಿದೆ. ತಂತ್ರಾಂಶದಲ್ಲಿ ಅದು ಹೆಚ್ಚುಕಡಿಮೆ ತಿರುಗುಮುರುಗು. ಅಲ್ಲಿ ಪಾರದರ್ಶಕವಾದದ್ದು ತನ್ನ ಬಣ್ಣವನ್ನು ಮರೆಮಾಡಿಕೊಂಡು ಬೇರೆಯವರನ್ನು ತೋರಿಸುತ್ತದೆ.

ಈಗ ಆ ಬಿಳಿ ಗೆರೆ. ಸ್ಟುಡಿಯೋದ ಬಿಳಿ ಗೋಡೆಯ ಮುಂದೆ ಒಬ್ಬರು ನಿಂತು ಫೋಟೋ ತೆಗೆಸಿಕೊಂಡರು ಎಂದಿಟ್ಟುಕೊಳ್ಳಿ. ಕೂದಲಿನ ಎಳೆ ಪಿಕ್ಸೆಲ್‌ಗಿಂತ ಸಪೂರ. ಹಾಗಾಗಿ ಕೂದಲು ಮುಗಿದು ಗೋಡೆ ಶುರುವಾಗುವ ಜಾಗದ ಚುಕ್ಕಿಯಲ್ಲಿ ಒಂದಿಷ್ಟು ಕೂದಲು, ಒಂದಿಷ್ಟು ಗೋಡೆ ಎರಡೂ ಸೇರಿ ಒಂದೇ ಬೂದು ಬಣ್ಣವಾಗಿರುತ್ತವೆ. ಮನುಷ್ಯನನ್ನು ಗೋಡೆಯಿಂದ ಬಿಡಿಸುವಾಗ ಈ ಚುಕ್ಕಿಯನ್ನು ಯಾವ ಕಡೆಗೆ ಹಾಕುವುದು? ತಂತ್ರಾಂಶ ರಾಜಿ ಮಾಡುತ್ತದೆ, ಆಲ್ಫಾವನ್ನು ಅರ್ಧದ ಆಸುಪಾಸಿಗೆ ಇಳಿಸುತ್ತದೆ. ಆದರೆ ಬಣ್ಣದಲ್ಲಿ ಬೆರೆತ ಗೋಡೆ ಹಾಗೆಯೇ ಉಳಿಯುತ್ತದೆ. ಆ ಮನುಷ್ಯನನ್ನು ತಂದು ಕೇಸರಿಯೋ ಕಡುನೀಲಿಯೋ ಹಿನ್ನೆಲೆಯ ಮೇಲೆ ಇಟ್ಟಾಗ ಹಳೆಯ ಗೋಡೆ ಅವನ ಸುತ್ತ ಗೆರೆಯಾಗಿ ಹೊಳೆಯುತ್ತದೆ. ಎಲ್ಲಿಂದ ಬಂದೆ ಎಂದು ಯಾರೂ ಕೇಳದಿದ್ದರೂ ಅಂಚು ಹೇಳಿಬಿಡುತ್ತದೆ.

ಫೋಟೋಶಾಪ್‌ನಲ್ಲಿ ಇದನ್ನು ತೆಗೆಯಲು ಉಪಾಯ ಇದೆ. ಅಂಚಿನ ಚುಕ್ಕಿಗಳ ಬಣ್ಣವನ್ನು ತೆಗೆದು, ಒಳಗಿನ ಚುಕ್ಕಿಗಳ ಬಣ್ಣವನ್ನು ಅಲ್ಲಿಗೆ ಎಳೆಯುವ ಒಂದು ಆಯ್ಕೆ. ಅದರ ಹೆಸರು 'ಡಿಕಂಟ್ಯಾಮಿನೇಟ್ ಕಲರ್ಸ್'. ಕಲುಷಿತವಾದದ್ದನ್ನು ಶುದ್ಧ ಮಾಡು ಎಂದರ್ಥ. ನಮ್ಮ ಭಾಷೆಯಲ್ಲಿ ಹೇಳಿದರೆ ಮೈಲಿಗೆ ತೆಗೆಯುವುದು. ಹೆಸರಿಟ್ಟವರಿಗೆ ನಮ್ಮ ಮಡಿ ಮೈಲಿಗೆ ಗೊತ್ತಿರಲಿಕ್ಕಿಲ್ಲ. ಆದರೂ ಕನ್ನಡದಲ್ಲಿ ಯೋಚಿಸುವ ಯಾರಿಗೂ ಆ ಆಯ್ಕೆಯ ಮೇಲೆ ಕ್ಲಿಕ್ ಮಾಡುವಾಗ ಏನೋ ಒಂದು ಕಸಿವಿಸಿ ಆಗಬೇಕು. ಒಬ್ಬ ಮನುಷ್ಯನ ಮೇಲೆ ಅವನು ನಿಂತಿದ್ದ ಜಾಗದ ಬೆಳಕು ಬಿದ್ದದ್ದು ಯಾವಾಗ ಮೈಲಿಗೆಯಾಯಿತು? ಅವನನ್ನು ಅಲ್ಲಿಂದ ಎತ್ತಿದ ಮೇಲೆ ತಾನೆ?

ನನ್ನ ಅಜ್ಜಿ ತೀರಿಕೊಂಡಾಗ ಉತ್ತರಕ್ರಿಯೆಗೆ ಒಂದು ಫೋಟೋ ಬೇಕಾಗಿತ್ತು. ಇದ್ದದ್ದು ಒಂದು ಮದುವೆಯ ಫೋಟೋ, ಅದರಲ್ಲಿ ಅವರ ತಂಗಿ ಪಕ್ಕದಲ್ಲಿ ನಿಂತು ಅಜ್ಜಿಯ ಭುಜದ ಮೇಲೆ ಕೈ ಇಟ್ಟಿದ್ದರು. ಮನೆ ಪಾಲಾದ ಮೇಲೆ ಅವರಿಬ್ಬರ ನಡುವೆ ಮಾತು ನಿಂತಿತ್ತು. ಅಂಗಡಿಯ ಹುಡುಗ ಅಜ್ಜಿಯನ್ನು ಬಿಡಿಸಿ ತೆಗೆದ. ಭುಜದ ಮೇಲೆ ನಾಲ್ಕು ಬೆರಳು ಉಳಿದವು. "ಇದು ತೆಗೀಬೇಕಾ ಅಕ್ಕಾ?" ಎಂದು ಅಮ್ಮನನ್ನು ಕೇಳಿದ. ಅಮ್ಮ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. "ತೆಗಿ. ಬಂದವರೆಲ್ಲ ಯಾರ ಕೈ ಅಂತ ಕೇಳ್ತಾರೆ" ಎಂದರು. ಅವನು ಪಕ್ಕದ ಸೀರೆಯ ಬಣ್ಣವನ್ನು ತಂದು ಬೆರಳುಗಳ ಮೇಲೆ ಬಳಿದ, ಸೀರೆಯ ಗೆರೆಗಳನ್ನೂ ಜೋಡಿಸಿದ. ಬಹಳ ಒಳ್ಳೆಯ ಕೆಲಸ. ಆ ಫೋಟೋ ಈಗಲೂ ಮನೆಯ ಗೋಡೆಯ ಮೇಲಿದೆ. ಹತ್ತಿರ ಹೋಗಿ ಎಷ್ಟು ನೋಡಿದರೂ ಅಲ್ಲಿ ಕೈ ಇತ್ತೆಂದು ಹೇಳಲಾಗದು. ಪದರಗಳಿದ್ದ ಫೈಲಿನಲ್ಲಿ ಕೆಳಗೆ ಆ ಬೆರಳುಗಳು ಇದ್ದವು. ನಮಗೆ ಕೊಟ್ಟದ್ದು ಜೆಪೆಗ್, ಎಲ್ಲ ಪದರಗಳನ್ನೂ ಒತ್ತಿ ಒಂದು ಮಾಡಿದ್ದು.

ಅಮ್ಮ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಸಾವಿನ ಮನೆಯಲ್ಲಿ ಆಸ್ತಿಯ ಮಾತು ಬೇಡ ಎಂದು ಅವರಿಗೆ ಅನ್ನಿಸಿರಬೇಕು. ನಾನು ಹೇಳಲು ಹೊರಟದ್ದು ಚಿತ್ರದ ಬಗ್ಗೆ. ಕೆಟ್ಟದಾಗಿ ಕತ್ತರಿಸಿದ ಚಿತ್ರದಲ್ಲಿ ಓದಲು ಏನೋ ಇರುತ್ತದೆ. ಚೆನ್ನಾಗಿ ಕತ್ತರಿಸಿದ್ದರಲ್ಲಿ ಕತ್ತರಿಸಿದ್ದೇ ಗೊತ್ತಾಗದು.

ಮತ್ತೆ ಬೀದಿಯ ಫ್ಲೆಕ್ಸಿಗೆ ಬರೋಣ. ಪೋರ್ಟರ್ ಮತ್ತು ಡಫ್ ಅವರ ವ್ಯಾಕರಣದಲ್ಲಿ 'ಮೇಲೆ' ಎಂಬ ಕ್ರಿಯೆಗೆ ಒಂದು ಗುಣ ಇದೆ: ಕ್ರಮ ಬದಲಾದರೆ ಫಲವೂ ಬದಲಾಗುತ್ತದೆ. ಕೂಡುವ ಲೆಕ್ಕದಂತೆ ಹಿಂದುಮುಂದು ಮಾಡಲಾಗದು. ಆದ್ದರಿಂದ ಪದರ ಜೋಡಿಸುವ ಪ್ರತಿಯೊಬ್ಬನೂ ಯಾರು ಯಾರನ್ನು ಮುಚ್ಚಬಹುದು ಎಂದು ತೀರ್ಮಾನಿಸಲೇಬೇಕು. ದಸರಾದ ಫ್ಲೆಕ್ಸಿನಲ್ಲಿ ದೇವರನ್ನು ಯಾರೂ ಮುಚ್ಚುವುದಿಲ್ಲ. ಮುಖಂಡರನ್ನು ದೇವರೂ ಮುಚ್ಚುವುದಿಲ್ಲ! ಮುಖ್ಯರ ಸುತ್ತ ಖಾಲಿ ಜಾಗ ಇರುತ್ತದೆ. ಕೆಳಗಿನ ಸಾಲಿನ ಹುಡುಗರ ಮುಖಗಳು ಮಾತ್ರ ಒಂದರ ಮೇಲೊಂದು ಏರಿಕೊಂಡಿರುತ್ತವೆ, ಒಬ್ಬನ ಕಿವಿ ಇನ್ನೊಬ್ಬನ ಭುಜದ ಹಿಂದೆ. ಅವರ ಮೇಲೆ ಬಿದ್ದ ಬೆಳಕೂ ಬೇರೆಬೇರೆ: ಒಬ್ಬನಿಗೆ ಎಡದಿಂದ, ಒಬ್ಬನಿಗೆ ಬಲದಿಂದ, ಇನ್ನೊಬ್ಬ ಯಾವುದೋ ಮದುವೆಯ ಹಾಲಿನ ಹಳದಿ ದೀಪದಡಿ. ಒಟ್ಟಿಗೆ ಎಂದೂ ನಿಲ್ಲದವರನ್ನು ಒಟ್ಟಿಗೆ ನಿಲ್ಲಿಸಿದ ಚಿತ್ರ ಅದು. ನೆಲಕ್ಕೆ ಯಾರ ನೆರಳೂ ಬೀಳುವುದಿಲ್ಲ. ಒಗ್ಗಟ್ಟು ಎಂದು ಮೇಲೆ ಬರೆದಿದ್ದರೂ ಬಿಳಿ ಗೆರೆಗಳು ಒಬ್ಬೊಬ್ಬರನ್ನೂ ಬೇರೆ ಮಾಡಿಯೇ ಇಟ್ಟಿರುತ್ತವೆ.

ಪದರಗಳಲ್ಲಿ ಚಿತ್ರ ಕಟ್ಟುವುದು ಈ ಊರಿಗೆ ಕಂಪ್ಯೂಟರ್‌ನಿಂದ ಬಂದದ್ದಲ್ಲ. 1841ರಲ್ಲಿ ಇಲ್ಲಿ ಶುರುವಾದ ಬಾಸೆಲ್ ಮಿಶನ್ ಪ್ರೆಸ್ ಮೊದಲು ಕಲ್ಲಚ್ಚಿನದು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ 'ಮಂಗಳೂರ ಸಮಾಚಾರ' ಕೂಡ ಕಲ್ಲಿನಿಂದಲೇ ಮುದ್ರಣವಾಯಿತು. ಅದು ಒಂದೇ ಬಣ್ಣ. ಬಹುವರ್ಣದ ಕಲ್ಲಚ್ಚಿಗೆ ಬಂದರೆ ಬಣ್ಣಕ್ಕೊಂದು ಕಲ್ಲು ಬೇಕು. ಒಂದೇ ಹಾಳೆಯನ್ನು ಪ್ರತಿ ಕಲ್ಲಿನ ಮೇಲೂ ಅದೇ ಜಾಗದಲ್ಲಿ ಕೂರಿಸಬೇಕು, ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಕೆನ್ನೆಗೆ ಹೋಗುತ್ತದೆ. ಹಳೆಯ ಬಹುವರ್ಣದ ಕ್ಯಾಲೆಂಡರ್‌ಗಳಲ್ಲಿ ಈ ಸರಿದ ಅಂಚುಗಳನ್ನು ನೋಡಿದವರಿಗೆ ಫ್ಲೆಕ್ಸಿನ ಬಿಳಿ ಗೆರೆ ಅದರ ಮೊಮ್ಮಗು ಎಂದು ಗೊತ್ತಾದೀತು.

ಇದಕ್ಕೆ ತದ್ವಿರುದ್ಧವಾದದ್ದು ಬಾವುಟಗುಡ್ಡೆಯ ಮೇಲಿದೆ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ ಒಳಗೋಡೆಗಳಿಗೆ ಇಟಲಿಯ ಜೆಸ್ಯುಯಿಟ್ ಸಹೋದರ ಅಂತೋನಿಯೋ ಮೊಸ್ಕೆನಿ 1899ರಿಂದ ಚಿತ್ರ ಬರೆದ. ಕೆಲವು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದವು, ಗೋಡೆಯವು ಫ್ರೆಸ್ಕೋ. ಫ್ರೆಸ್ಕೋ ಎಂದರೆ ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚುವುದು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕಲ್ಲಾಗುತ್ತದೆ, ಬಣ್ಣ ಅದರೊಳಗೇ ಸಿಕ್ಕಿಬೀಳುತ್ತದೆ. ಅಲ್ಲಿ ಬಣ್ಣ ಗೋಡೆಯ ಮೇಲಿನ ಪದರವಲ್ಲ, ಗೋಡೆಯೇ. ಹಿನ್ನೆಲೆಯಿಂದ ಯಾರನ್ನೂ ಬಿಡಿಸಿ ತೆಗೆಯಲಾಗದು. ಅಲೋಶಿಯಸ್ ಗೊನ್ಜಾಗನ ಬದುಕಿನ ಚಿತ್ರಗಳನ್ನು ಕತ್ತೆತ್ತಿ ನೋಡಿ ಹೊರಗೆ ಬಂದು, ಗುಡ್ಡದ ಬುಡದ ಫ್ಲೆಕ್ಸಿನ ಮುಂದೆ ನಿಂತರೆ ಕಣ್ಣಿಗೆ ಒಂದು ಜರ್ಕ್ ಆಗುತ್ತದೆ. ಒಂದರಲ್ಲಿ ಎಲ್ಲರೂ ತಮ್ಮ ನೆಲದಲ್ಲಿ ಬೇರುಬಿಟ್ಟಿದ್ದಾರೆ. ಇನ್ನೊಂದರಲ್ಲಿ ಎಲ್ಲರೂ ಎಲ್ಲಿಂದಲೋ ಎತ್ತಿ ತಂದವರು.

ಹಾಗೆಂದು ಗೋಡೆಯದ್ದು ಸತ್ಯ, ಪದರದ್ದು ಸುಳ್ಳು ಎಂದು ಷರಾ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಹಳೆಯ ಚಿತ್ರಗಳನ್ನು ಸಂರಕ್ಷಿಸುವವರ ನಿಯಮ ನೋಡಿ: ಬಣ್ಣ ಉದುರಿದಲ್ಲಿ ಅವರು ತುಂಬುವ ಹೊಸ ಬಣ್ಣವನ್ನು ಮುಂದೆ ಯಾರಾದರೂ ಮೂಲಕ್ಕೆ ಪೆಟ್ಟಾಗದಂತೆ ತೆಗೆಯಲು ಸಾಧ್ಯವಾಗಬೇಕು. ಅಂದರೆ ತಮ್ಮ ಕೆಲಸ ಪದರವಾಗಿಯೇ ಉಳಿಯಬೇಕು, ಮೂಲದೊಂದಿಗೆ ಒಂದಾಗಿಬಿಡಬಾರದು ಎಂಬ ಮರ್ಯಾದೆ ಅದು. ಯಕ್ಷಗಾನದ ತೆರೆಗೂ ಇಂಥದ್ದೇ ಮರ್ಯಾದೆ ಇದೆ. ತೆಂಕುತಿಟ್ಟಿನ ಬಣ್ಣದ ವೇಷ ರಂಗಕ್ಕೆ ಬರುವಾಗ ಇಬ್ಬರು ಎರಡು ಬದಿಯಲ್ಲಿ ಬಟ್ಟೆ ಹಿಡಿಯುತ್ತಾರೆ. ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆಕಾಲು, ನಡುವೆ ತೆರೆ. ಏನನ್ನೋ ಮುಚ್ಚಿದ್ದಾರೆ ಎಂದು ಎಲ್ಲರಿಗೂ ಗೊತ್ತು, ಮುಚ್ಚಿದವರೂ ಎದುರಿಗೇ ನಿಂತಿದ್ದಾರೆ. ಅಷ್ಟು ಸಾಕು, ಮಗು ಅಮ್ಮನ ಸೆರಗು ಹಿಡಿದುಕೊಳ್ಳುತ್ತದೆ. ಮುಚ್ಚುವುದು ತಪ್ಪಲ್ಲ; ಮುಚ್ಚಿದ್ದು ಕಾಣಬೇಕು. ನನ್ನ ತಕರಾರು ಇರುವುದು ಪದರಗಳ ಮೇಲಲ್ಲ, ಪದರಗಳನ್ನು ಒತ್ತಿ ಒಂದು ಮಾಡಿ ಮೊದಲಿನಿಂದಲೂ ಹೀಗೇ ಇತ್ತು ಎನ್ನುವುದರ ಮೇಲೆ.

ಆ ಬಿಳಿ ಗೆರೆಯ ದಿನಗಳು ಮುಗಿಯುತ್ತಿವೆ. 2022ರ ಐಒಎಸ್ 16ರಿಂದೀಚೆಗೆ ಐಫೋನಿನಲ್ಲಿ ಫೋಟೋದ ಮೇಲೆ ಬೆರಳು ಒತ್ತಿ ಹಿಡಿದರೆ ಮನುಷ್ಯ ಹಿನ್ನೆಲೆ ಬಿಟ್ಟು ಎದ್ದು ಬರುತ್ತಾನೆ. ಮರುವರ್ಷ ಫೋಟೋಶಾಪ್‌ಗೆ ಬಂದ ಕೃತಕ ಬುದ್ಧಿಮತ್ತೆ, ತೆಗೆದ ಕೈಯ ಜಾಗದಲ್ಲಿ ಇಲ್ಲದ ಸೀರೆಯನ್ನು ತಾನೇ ನೇಯ್ದು ಕೊಡುತ್ತದೆ. ಈಚಿನ ಫ್ಲೆಕ್ಸ್‌ಗಳಲ್ಲಿ ಅಂಚುಗಳು ನಯವಾಗುತ್ತಿರುವುದನ್ನು ನೀವೂ ಗಮನಿಸಿರಬಹುದು. ಕೆಲವದರಲ್ಲಿ ಎಲ್ಲರಿಗೂ ಒಂದೇ ಕಡೆಯಿಂದ ಬೆಳಕು. ನೆರಳು ಕೂಡ ಬಂದಿದೆ. ಚಂದವೇ. ಆದರೆ ಚಿತ್ರ ಓದುವುದನ್ನು ಕಲಿಯುವ ವಿದ್ಯಾರ್ಥಿಗೆ ಇನ್ನು ಮುಂದೆ ಹಿಡಿಯಲು ಅಂಚೇ ಸಿಗದು. ಇಷ್ಟು ದಿನ ನಾವು ನಕ್ಕ ಆ ಒರಟು ಕೆಲಸದಲ್ಲಿ ಯಾರನ್ನು ಎಲ್ಲಿಂದ ತಂದರು ಎಂಬುದಕ್ಕೆ ಸಾಕ್ಷಿ ಇತ್ತು. ಹಳೆಯ ಫ್ಲೆಕ್ಸ್‌ಗಳ ಫೋಟೋ ತೆಗೆದಿಡಿ ಎಂದು ನನ್ನ ವಿದ್ಯಾರ್ಥಿ ಗೆಳೆಯರಿಗೆ ಹೇಳುತ್ತಿರುತ್ತೇನೆ. ಹೂಂ ಎನ್ನುತ್ತಾರೆ, ಯಾರೂ ತೆಗೆಯುವುದಿಲ್ಲ.

ಫ್ಲೆಕ್ಸ್ ಮುದ್ರಣದ ಬಗ್ಗೆ ಇನ್ನೊಂದು ಮಾತು ಹೇಳುವುದಿದೆ. ಸಾಮಾನ್ಯ ಫ್ಲೆಕ್ಸ್ ಯಂತ್ರದಲ್ಲಿ ಇರುವುದು ನಾಲ್ಕು ಶಾಯಿ: ತಿಳಿನೀಲಿ, ಕೆನ್ನೇರಳೆ, ಹಳದಿ, ಕಪ್ಪು. ಬಿಳಿ ಶಾಯಿ ಇಲ್ಲ. ಬಿಳಿ ಬೇಕಾದಲ್ಲಿ ಯಂತ್ರ ಏನನ್ನೂ ಸಿಂಪಡಿಸದೆ ಮುಂದೆ ಹೋಗುತ್ತದೆ. ಹಾಗಾಗಿ ಪರದೆಯ ಮೇಲೆ ಯಾವುದೋ ಸ್ಟುಡಿಯೋದ ಗೋಡೆಯಾಗಿದ್ದ ಆ ಗೆರೆ, ಬೀದಿಗೆ ಬರುವಾಗ ಬಹುಮಟ್ಟಿಗೆ ಬರಿಯ ಪ್ಲಾಸ್ಟಿಕ್ ಹಾಳೆ. ಚಿತ್ರದ ಕೆಳಗಿರುವ ಕೊನೆಯ ಪದರ ಅಲ್ಲಿ ಇಣುಕುತ್ತದೆ.

ಹಬ್ಬ ಮುಗಿದ ಮೇಲೆ ಫ್ಲೆಕ್ಸ್‌ಗಳು ಎಲ್ಲಿಗೆ ಹೋಗುತ್ತವೆ ಎಂದು ನಮ್ಮ ಕಡೆಯ ಯಾರಿಗೂ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಹಿತ್ತಿಲಿನ ಸೌದೆಯ ರಾಶಿಯ ಮೇಲೆ, ಬಚ್ಚಲ ಕೊಟ್ಟಿಗೆಯ ಮಾಡಿನ ಮೇಲೆ, ಬೈಕಿನ ಮೇಲೆ ಅವು ಹೊದಿಕೆಯಾಗಿ ಕೂರುತ್ತವೆ. ಬಿಸಿಲಿಗೆ ಮೊದಲು ಹೋಗುವುದು ಹಳದಿ ಮತ್ತು ಕೆಂಪು. ಮುಖಂಡರು, ಅಭಿಮಾನಿಗಳು, ದೇವರು ಎಲ್ಲರೂ ನಿಧಾನವಾಗಿ ನೀಲಿಯಾಗುತ್ತಾರೆ. ನಮ್ಮ ಪಕ್ಕದ ಮನೆಯ ಸೌದೆಯ ಮೇಲೆ ಮೂರು ವರ್ಷದಿಂದ ಇರುವ ಒಂದರಲ್ಲಿ ಈಗ ಯಾರ ಮುಖವೂ ತಿಳಿಯುವುದಿಲ್ಲ. ತಲೆಗಳ ಸುತ್ತಿನ ಬಿಳಿ ಮಾತ್ರ ತಲೆಯ ಆಕಾರದಲ್ಲಿ ಹಾಗೆಯೇ ಇದೆ.